ಹಲ್ಲು ಉಳಿದ ವೃತ್ತ

ತಾರಿಹಾಳ, ಹುಬ್ಬಳ್ಳಿ
11 ಜನವರಿ 2024

ಮುರುಗೆಪ್ಪ ಸರ್ ಅವರಿಗೆ ರಿಯಾಜನ ನಮಸ್ಕಾರಗಳು.

ನೀವು ನನ್ನನ್ನು ಬಲ್ಲವರಲ್ಲ. ಆರು ವರ್ಷದಿಂದ ನಿಮ್ಮ ‘ಗೆರೆ’ ಲೈಬ್ರರಿಯನ್ನು ಬಳಸುತ್ತಿದ್ದೇನೆ. ಈ ಇಮೇಲನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು ದಿನ ಕುಳಿತೆ, ಆಗಲಿಲ್ಲ. ಆಮೇಲೆ ನೆನಪಾಯಿತು, ವೃತ್ತ ಬಿಡಿಸುವ ಕೋಡಿನ ನೆತ್ತಿಯ ಮೇಲೆ ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಬರೆದಿಟ್ಟಿದ್ದೀರಿ: “ಇಲ್ಲಿ ಕೈ ಹಾಕಬ್ಯಾಡ್ರಿ, ಹೆಂಗೋ ನಡದೈತಿ.” ಈಗ ಯಾವ ದೇಶದಲ್ಲಿದ್ದರೂ ಇವರು ನಮ್ಮ ಕಡೆಯವರೇ ಎಂದು ಧೈರ್ಯ ಬಂತು.

ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಪಂಪುಗಳಿಗೆ ಬೇಕಾದ ಉಕ್ಕಿನ ರಿಂಗುಗಳನ್ನು ಪ್ಲೇಟಿನಿಂದ ಕತ್ತರಿಸಿ ಕೊಡುತ್ತೇವೆ. ಕತ್ತರಿಸುವ ಯಂತ್ರದ ಪ್ರೋಗ್ರಾಂ ನಾನೇ ಬರೆದದ್ದು. ಪರದೆಯ ಮೇಲೆ ಚಿತ್ರ ಮೂಡಿಸುವುದು ನಿಮ್ಮ ಗೆರೆ. ಅದೇ ಗೆರೆಯ ಹಾದಿ ಹಿಡಿದು ಯಂತ್ರದ ಬೆಂಕಿಯ ಮೂತಿ ಓಡುತ್ತದೆ. ನಮ್ಮ ಅಬ್ಬಾ ಗೌಸಮೊದ್ದೀನ ನಲವತ್ತು ವರ್ಷ ಲೇಥ್ ನಡೆಸಿದವರು. ಲೈಬ್ರರಿ ಎಂದಾಗ, “ಪುಸ್ತಕ ಎಲ್ಲಿ ಅದಾವೋ?” ಎಂದು ಕೇಳಿದರು.

“ಪುಸ್ತಕ ಅಲ್ಲ ಅಬ್ಬಾ. ಗೆರಿ ಹ್ಯಾಂಗ ಎಳೀಬೇಕು, ದುಂಡಗ ಹ್ಯಾಂಗ ತಿರುಗಬೇಕು ಅನ್ನೂದನ್ನ ಒಬ್ಬರು ಬರದಿಟ್ಟಾರ. ಅದನ್ನ ತಗೊಂಡು ನಾವು ನಮ್ಮ ಪ್ರೋಗ್ರಾಂನ್ಯಾಗ ಹಾಕ್ಕೋತೇವಿ. ಕಂಪ್ಯೂಟರ್ ಯಾವ್ದರ ಇರ್ಲಿ, ಫೋನ್ ಇರ್ಲಿ, ಗೆರಿ ಒಂದ ಥರಾ ಬರತೈತಿ.”

“ಪುಗಸಟ್ಟೆ ಕೊಟ್ಟಾರ?”

“ಹೂಂ.”

“ಹಂಗಾರ ಮನಿಷ್ಯಾ ಛಲೋ” ಎಂದರು.

ಈಗ ತೊಂದರೆ ಹೇಳುತ್ತೇನೆ. ನಿಮ್ಮ ಹೊಸ ಆವೃತ್ತಿ ಹಾಕಿದಾಗಿನಿಂದ ರಿಂಗು ಪೂರ್ತಿ ಕತ್ತರಿಸುವುದಿಲ್ಲ. ಕೊನೆಗೆ ಒಂದು ಕಡ್ಡಿಯಷ್ಟು ಪ್ಲೇಟಿಗೆ ಕೂಡಿಕೊಂಡೇ ಇರುತ್ತದೆ. ಸುತ್ತಿಗೆಯಿಂದ ತಟ್ಟಿ ಬಿಡಿಸಿದರೆ ಆ ಜಾಗದಲ್ಲಿ ಒಂದು ಹಲ್ಲು ಉಳಿಯುತ್ತದೆ. ಹಲ್ಲಿರುವ ರಿಂಗನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ನೋಡಿ.

ನಿಮ್ಮ ವಿಶ್ವಾಸಿ,
ರಿಯಾಜ

---

19 ಜನವರಿ 2024

ಶ್ರೀ ರಿಯಾಜ ಅವರಿಗೆ,

ಪತ್ರ ತಲುಪಿತು. ನಿಮ್ಮ ರಿಂಗಿನ ಅಳತೆಗಳನ್ನು ಹಾಕಿ ಇಲ್ಲಿ ನೋಡಿದೆ. ವೃತ್ತ ಪೂರ್ತಿ ಕೂಡಿದೆ, ದೋಷ ಕಾಣಲಿಲ್ಲ. ನಿಮ್ಮ ಯಂತ್ರವನ್ನೊಮ್ಮೆ ಪರೀಕ್ಷಿಸಿ.

ಮುರುಗೆಪ್ಪ

---

ತಾರಿಹಾಳ
22 ಜನವರಿ 2024

ಸರ್,

ಯಂತ್ರವನ್ನು ಮೂರು ಸಲ ಬಿಚ್ಚಿ ಕೂಡಿಸಿದೆ. ಅದರಲ್ಲಿ ಏನೂ ಇಲ್ಲ. ಹಳೆಯ ಆವೃತ್ತಿ ಹಾಕಿದರೆ ರಿಂಗು ನುಣುಪಾಗಿ ಬರುತ್ತದೆ, ಹೊಸದು ಹಾಕಿದರೆ ಹಲ್ಲು. ಇನ್ನೊಂದು ಸಂಗತಿ. ನನ್ನ ಹೆಂಡತಿ ಶಾಜಿಯಾಳ ಹೊಸ ಲ್ಯಾಪ್‌ಟಾಪಿನಿಂದ ನಡೆಸಿದರೆ ಹಲ್ಲು ಬರುವುದಿಲ್ಲ. ಯಂತ್ರಕ್ಕೆ ಜೋಡಿಸಿದ ಹದಿನೈದು ವರ್ಷದ ಹಿಂದಿನ ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ. ನಮ್ಮ ಕಡೆ ಎಲ್ಲರ ಯಂತ್ರಕ್ಕೂ ಅಂಥ ಹಳೆಯ ಕಂಪ್ಯೂಟರುಗಳೇ ಇವೆ, ಯಾಕೆಂದರೆ ಯಂತ್ರವನ್ನು ನಡೆಸುವ ಕಾರ್ಡು ಹೊಸ ಕಂಪ್ಯೂಟರಿಗೆ ಕೂಡುವುದಿಲ್ಲ.

ಒಂದು ಮಾತು ಕೇಳಲೇ? ಬೇಜಾರಾಗಬಾರದು. ನಿಮ್ಮ ಕೋಡನ್ನು ನಾನು ಕಥೆಯ ಹಾಗೆ ಓದುತ್ತೇನೆ. ಮೊದಲು ಹತ್ತು ಸಾಲಿಗೊಂದು ತಮಾಷೆ ಇರುತ್ತಿತ್ತು. 2021ರಿಂದ ಈಚೆಗೆ ಒಂದೂ ಇಲ್ಲ. ಎಲ್ಲ ಅಚ್ಚುಕಟ್ಟು, ಎಲ್ಲ ಸ್ವಚ್ಛ, ಪರೀಕ್ಷೆಯ ಉತ್ತರಪತ್ರಿಕೆಯ ಹಾಗೆ. ಏನಾಯಿತು ಸರ್?

ರಿಯಾಜ

---

5 ಫೆಬ್ರವರಿ 2024

ರಿಯಾಜ ಅವರಿಗೆ,

ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಎಂದು ನೀವು ಬರೆದದ್ದು ಉಪಯೋಗವಾಯಿತು. ನನ್ನಲ್ಲಿಯೂ ಅಂಥದ್ದೊಂದು ಇದೆ. ಅದರಲ್ಲಿ ನೋಡಿದೆ. ಪರದೆಯ ಮೇಲೆ ನನಗೆ ಯಾವ ದೋಷವೂ ಕಾಣುವುದಿಲ್ಲ.

ತಮಾಷೆ ನಿಂತದ್ದಕ್ಕೆ ವಿಶೇಷ ಕಾರಣವಿಲ್ಲ. ಕೆಲವು ಸಲ ಮನುಷ್ಯನಿಗೆ ಮಾತು ಕಡಿಮೆಯಾಗುತ್ತದೆ.

ಮುರುಗೆಪ್ಪ

---

ತಾರಿಹಾಳ
7 ಫೆಬ್ರವರಿ 2024

ಸರ್,

ಪರದೆಯ ಮೇಲೆ ನನಗೂ ಕಾಣುವುದಿಲ್ಲ. ಬಿಟ್ಟುಹೋದ ಜಾಗ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಅಬ್ಬಾ ಹೇಳಿದರು, “ಕಣ್ಣಿಗೆ ಕಾಣಲಾರದ್ದು ಬೆರಳಿಗೆ ಸಿಗತೈತಿ. ಅವರಿಗೆ ರಿಂಗನ್ನ ಕಳಿಸಿಬಿಡೋ.” ಅಂಗೈ ಅಗಲದ್ದೊಂದನ್ನು ಕತ್ತರಿಸಿ ಇಟ್ಟಿದ್ದೇನೆ. ವಿಳಾಸ ತಿಳಿಸಿ. ಬೆಂಗಳೂರಾದರೆ ಎರಡು ದಿನ. ಪರದೇಶವಾದರೆ ಉಕ್ಕನ್ನು ಹೇಗೆ ಕಳಿಸಬೇಕೆಂದು ವಿಚಾರಿಸುತ್ತೇನೆ.

ರಿಯಾಜ

---

12 ಫೆಬ್ರವರಿ 2024

ರಿಯಾಜ ಅವರಿಗೆ,

ವಿಳಾಸ ಕೊಡಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಇಷ್ಟು ಹತ್ತಿರ ಇದ್ದುಕೊಂಡು ಹೇಳದೇ ಇದ್ದುದಕ್ಕೆ ಕ್ಷಮಿಸಿ. ನನ್ನ ಮನೆ ನವನಗರದಲ್ಲಿದೆ. ಪೂರ್ತಿ ವಿಳಾಸವನ್ನು ಕೆಳಗೆ ಬರೆದಿದ್ದೇನೆ.

ಒಂದು ವಿನಂತಿ. ದಯವಿಟ್ಟು ಮನೆಗೆ ಬರಬೇಡಿ. ಹುಷಾರಿಲ್ಲದವರು ಇದ್ದಾರೆ. ರಿಂಗನ್ನು ಕೊರಿಯರಿನಲ್ಲಿ ಕಳಿಸಿ.

ಮುರುಗೆಪ್ಪ

---

ತಾರಿಹಾಳ
13 ಫೆಬ್ರವರಿ 2024

ಸರ್,

ವಿಳಾಸವನ್ನು ಎರಡು ಸಲ ಓದಿದೆ. ಬೈಕಿನ ಮೇಲೆ ಇಪ್ಪತ್ತು ನಿಮಿಷದ ಹಾದಿ! ಆರು ವರ್ಷ ನಿಮ್ಮನ್ನು ಎಲ್ಲೋ ಸಮುದ್ರದಾಚೆ ಇಟ್ಟುಕೊಂಡಿದ್ದೆ. ಧಾರವಾಡಕ್ಕೆ ಹೋಗುವಾಗೆಲ್ಲ ನಿಮ್ಮ ಓಣಿಯ ಮುಂದೆಯೇ ಹಾದಿದ್ದೇನೆ.

ನೀವು ಬರಬೇಡಿ ಎಂದಿದ್ದೀರಿ, ಬರುವುದಿಲ್ಲ. ಇವತ್ತು ಕೊರಿಯರ್ ಮಾಡಿದೆ. ಕೌಂಟರಿನಲ್ಲಿದ್ದವರು ವಿಳಾಸ ಓದಿ ನನ್ನ ಮುಖ ನೋಡಿದರು. “ಸಿಟಿ ಬಸ್ಸಿಗೆ ಹೋದ್ರ ಇದಕ್ಕಿಂತ ಲಗೂ ಮುಟ್ಟತೈತ್ರಿ.” “ಗೊತ್ತೈತ್ರಿ, ನೀವು ಕಳಸ್ರಿ” ಎಂದೆ.

ರಿಯಾಜ

---

ನವನಗರ
27 ಫೆಬ್ರವರಿ 2024

ರಿಯಾಜ ಅವರಿಗೆ,

ರಿಂಗು ಬಂತು. ಹಲ್ಲು ಸಿಕ್ಕಿತು.

ನೀವು ಇಂಜಿನಿಯರು, ನಿಮಗೆ ಹೆಚ್ಚು ವಿವರಿಸಬೇಕಿಲ್ಲ. ಆದರೂ ಬರೆಯುತ್ತೇನೆ. ಕಂಪ್ಯೂಟರಿಗೆ ವೃತ್ತವೆಂಬುದಿಲ್ಲ, ನೂರಾರು ಸಣ್ಣ ನೇರ ಗೆರೆಗಳನ್ನು ಸುತ್ತ ಜೋಡಿಸುತ್ತದೆ, ಅಷ್ಟೆ. ಈ ಆವೃತ್ತಿಯಲ್ಲಿ ಕೋನವನ್ನು ಸ್ವಲ್ಪ ಸ್ವಲ್ಪ ಕೂಡಿಸುತ್ತ ಹೋಗಿ, ಪೂರ್ತಿ ಸುತ್ತಾದಾಗ ನಿಲ್ಲು ಎಂದು ಬರೆದಿತ್ತು. ಹಳೆಯ ಕಂಪ್ಯೂಟರುಗಳು ಲೆಕ್ಕದ ನಡುವೆ ದಶಮಾಂಶದ ಬಾಲವನ್ನು ಹೊಸದಕ್ಕಿಂತ ಉದ್ದ ಇಟ್ಟುಕೊಳ್ಳುತ್ತವೆ. ಆ ಬಾಲದಷ್ಟು ವ್ಯತ್ಯಾಸಕ್ಕೆ ಸುತ್ತು ಮುಗಿಯಿತೆಂದು ತಿಳಿದು ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತವೆ. ಈಗ ಕೋನವನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸುವಂತೆ ಬದಲಿಸಿದ್ದೇನೆ. ಎಣಿಕೆಗೆ ಬಾಲವಿಲ್ಲ. ತಿದ್ದಿದ ಆವೃತ್ತಿ ಇಂದು ಬಿಟ್ಟಿದ್ದೇನೆ.

ನಿಮಗಾದ ನಷ್ಟಕ್ಕೆ ನಾನು ಹೊಣೆ. ವಿಷಾದವಿದೆ.

ಮುರುಗೆಪ್ಪ

---

ತಾರಿಹಾಳ
2 ಮಾರ್ಚ್ 2024

ಸರ್,

ರಿಂಗು ಬೆಣ್ಣೆಯ ಹಾಗೆ ಬರುತ್ತಿದೆ! ಅಬ್ಬಾ ಹೆಬ್ಬೆರಳಿನಿಂದ ಸುತ್ತ ಸವರಿ, “ಎಲ್ಲಿ ಸುರು ಆತು, ಎಲ್ಲಿ ಮುಗೀತು, ಗೊತ್ತ ಆಗವಲ್ದು” ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ವಿಷಾದದ ಮಾತು ಬೇಡ ಸರ್. ತಪ್ಪು ಆದದ್ದನ್ನು ಹುಡುಕಿ ತಿದ್ದಿದವರು ನೀವು.

ಇನ್ನು ಹತ್ತು ದಿನಕ್ಕೆ ರಮಜಾನ್. ಮನೆಯಲ್ಲಿ ಹುಷಾರಿಲ್ಲದವರು ಅಮ್ಮಾವರೇ ಇರಬೇಕೆಂದು ಶಾಜಿಯಾ ಮತ್ತು ನಾನು ಅಂದುಕೊಂಡಿದ್ದೇವೆ. ದಿನಾಲೂ ಅವರಿಗಾಗಿ ದುವಾ ಕೇಳುತ್ತೇವೆ. ಅವರಿಗೆ ನೀವೊಬ್ಬರೇ ಆಸರೆ. ನಿಮ್ಮ ತಬಿಯತ್ತನ್ನೂ ನೋಡಿಕೊಳ್ಳಿ.

ರಿಯಾಜ

---

ನವನಗರ
14 ಮಾರ್ಚ್ 2024

ರಿಯಾಜ ಅವರಿಗೆ,

ಮನೆಯವರು ಇದ್ದ ಹಾಗೆಯೇ ಇದ್ದಾರೆ. ನೀವು ಕೇಳಿದ್ದಕ್ಕೆ, ಶಾಜಿಯಾ ಅವರು ಕೇಳಿದ್ದಕ್ಕೆ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಮೂರು ವರ್ಷದಲ್ಲಿ ಈ ವಿಳಾಸಕ್ಕೆ ಬಂದ ಸಾವಿರಾರು ಪತ್ರಗಳಲ್ಲಿ ಎಲ್ಲವೂ ಕೋಡಿನ ಬಗ್ಗೆಯೇ ಇದ್ದವು.

ನಿಮ್ಮ ಪತ್ರಗಳನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಅಬ್ಬಾ ಮಾತಾಡುವ ಜಾಗ ಬಂದರೆ ಅವರು ನಗುತ್ತಾರೆ. ಸಮಯವಿದ್ದಾಗ ಉದ್ದವಾಗಿ ಬರೆಯಿರಿ.

ಮುರುಗೆಪ್ಪ

---

20 ಮೇ 2024

‘ಗೆರೆ’ ಬಳಸುವ ಎಲ್ಲರಿಗೆ,

ಬರುವ ಆವೃತ್ತಿಯಿಂದ ಹಳೆಯ ಮಾದರಿಯ ಕಂಪ್ಯೂಟರುಗಳಲ್ಲಿ ಲೈಬ್ರರಿ ನಡೆಯುವುದಿಲ್ಲ. ಅಂಥವನ್ನು ಬಳಸುವವರು ಹೊಸ ಕಂಪ್ಯೂಟರಿಗೆ ಬದಲಾಗಬೇಕೆಂದು ಕೋರಿಕೆ.

ಮುರುಗೆಪ್ಪ

---

ತಾರಿಹಾಳ
21 ಮೇ 2024

ಸರ್,

ನಿಮ್ಮ ನೋಟೀಸ್ ಓದಿದೆ. ಹೊಸಾದು ತಗೋರಿ ಅಂತ ಒಂದು ಸಾಲಿನ್ಯಾಗ ಮುಗಿಸಿಬಿಟ್ರಿ. ಭಾಳ ಸಸಾರ ಆತಲ್ರಿ ನಿಮಗ. ತಾರಿಹಾಳದಾಗ ಹನ್ನೊಂದು ವರ್ಕ್‌ಶಾಪಿನ್ಯಾಗ ನನ್ನ ಪ್ರೋಗ್ರಾಂ ನಡದೈತಿ. ಹನ್ನೊಂದೂ ಹಳೇ ಕಂಪ್ಯೂಟರ್. ಕಂಪ್ಯೂಟರ್ ಬದಲ ಮಾಡಬೇಕಂದ್ರ ಯಂತ್ರಾನ ಬದಲ ಮಾಡಬೇಕು, ಯಂತ್ರ ಬದಲ ಮಾಡೂದಂದ್ರ ಬಾಗಲಾ ಹಾಕ್ಕೊಂಡು ಮನ್ಯಾಗ ಕುಂದರೂದು. ಇದನ್ನ ನಿಮಗ ನಾನ ಬರದೇನಿ. ಗೊತ್ತಿದ್ದೂ ಮಾಡೀರಿ.

ಇದ್ದ ಆವೃತ್ತಿ ಇಟ್ಕೊಂಡಿರ್ರಿ ಅನ್ನಬಹುದು ನೀವು. ನಾಳಿ ಅದರಾಗ ಮತ್ತೊಂದು ಹಲ್ಲು ಬಂದ್ರ ಯಾರ ಮುಂದ ಹೇಳೂದ್ರಿ? ನಾ ಎಲ್ಲಾರಿಗೂ ಹೇಳಿದ್ದೆ, ಇವರು ನಮ್ಮವರು, ಕೈ ಬಿಡೂದಿಲ್ಲ ಅಂತ. ಈಗ ಅವರ ಮಾರಿ ಹ್ಯಾಂಗ ನೋಡ್ಲಿ? ನವನಗರದಾಗ ಕುಂತವ್ರಿಗೆ ತಾರಿಹಾಳ ಕಾಣೂದಿಲ್ಲ ಬಿಡ್ರಿ.

ರಿಯಾಜ

---

ತಾರಿಹಾಳ
18 ಜೂನ್ 2024

ಸರ್,

ತಿಂಗಳಾಯಿತು, ನಿಮ್ಮ ಉತ್ತರವಿಲ್ಲ. ನಾನು ಬರೆದದ್ದನ್ನು ನಿನ್ನೆ ಶಾಜಿಯಾಳಿಗೆ ತೋರಿಸಿದೆ. ಓದಿ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. “ಮನ್ಯಾಗ ಬ್ಯಾನಿ ಇಟ್ಕೊಂಡವರಿಗೆ ಹಿಂಗ ಬರೀತಾರೇನು?” ಎಂದಳು.

ನನ್ನ ತಪ್ಪಾಯಿತು. ನಿಮ್ಮ ಕಷ್ಟ ಏನಿದೆಯೋ ನಾನು ಕೇಳಲೇ ಇಲ್ಲ. ಕ್ಷಮಿಸಿದ್ದೇನೆ ಎಂದು ಒಂದೇ ಸಾಲು ಬರೆದರೂ ಸಾಕು.

ರಿಯಾಜ

---

ತಾರಿಹಾಳ
9 ಜುಲೈ 2024

ಸರ್,

ಇವತ್ತು ಬೆಳಿಗ್ಗೆ ನವನಗರದ ಬಸ್‌ಸ್ಟಾಪಿನ ತನಕ ಬಂದಿದ್ದೆ. ಅಲ್ಲಿಂದ ನಿಮ್ಮ ಓಣಿ ಕಾಣುತ್ತದೆ. ಬರಬೇಡಿ ಎಂದಿದ್ದು ನೆನಪಾಗಿ ಬೈಕ್ ತಿರುಗಿಸಿದೆ.

ಲೈಬ್ರರಿ ಏನಾದರೂ ಆಗಲಿ ಸರ್. ನೀವಿಬ್ಬರೂ ಚೆನ್ನಾಗಿದ್ದೀರೋ ಇಲ್ಲವೋ, ಅಷ್ಟು ತಿಳಿಸಿ.

ರಿಯಾಜ

---

ನವನಗರ
4 ಆಗಸ್ಟ್ 2024

ರಿಯಾಜ ಅವರೇ,

ಈ ಪತ್ರವನ್ನು ಬರೆಯುತ್ತಿರುವವರು ಮುರುಗೆಪ್ಪ ಅಲ್ಲ. ನಿಮಗೆ ಬಂದ ಒಂದು ಪತ್ರವನ್ನೂ ಅವರು ಬರೆದಿಲ್ಲ. ನಾನು ಅವರ ಹೆಂಡತಿ, ಆರತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು.

2021ರ ಮಾರ್ಚಿನಲ್ಲಿ ಇವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು, ಓದು, ಬರಹ ಮೂರೂ ಹೋದವು. ಉಳಿದದ್ದು ಒಂದೇ ಶಬ್ದ, ‘ಖರೇ’. ಹಸಿವಾದರೂ ಖರೇ, ಸಿಟ್ಟು ಬಂದರೂ ಖರೇ, ಮಗ್ಗುಲು ಬದಲಿಸಬೇಕಾದರೂ ಖರೇ. ಯಾವ ಖರೇ ಯಾವುದೆಂದು ಈಗ ನನಗೆ ದನಿಯಲ್ಲೇ ತಿಳಿಯುತ್ತದೆ. ಬುದ್ಧಿಗೆ ಏನೂ ಆಗಿಲ್ಲ. ಆದರೆ ನೋಡಲು ಬಂದವರು ಹಾಗೆ ತಿಳಿಯುವುದಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಇವರ ಜೊತೆ ಮೂವತ್ತು ವರ್ಷ ಪಾಠ ಮಾಡಿದ ಕುಬೇರಪ್ಪ ಬಂದು, ಕಿವುಡರಿಗೆ ಹೇಳುವ ಹಾಗೆ, “ಮುರುಗೆಪ್ಪಾ, ನನ್ನ ಗುರ್ತ ಸಿಗತೈತೇನೋ?” ಎಂದು ಕೂಗಿದರು. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ನಾನು ಯಾರನ್ನೂ ಕರೆಯಲಿಲ್ಲ. ನಿಮಗೆ ಬರಬೇಡಿ ಎಂದದ್ದು ಅದಕ್ಕೆ.

ಲೈಬ್ರರಿಗೆ ಪತ್ರಗಳು ಬರುತ್ತಲೇ ಇದ್ದವು. ಒಂದು ಪತ್ರಕ್ಕೆ, ಇವರಿಗೆ ಹುಷಾರಿಲ್ಲ ಎಂದು ಬರೆಯಲು ಕುಳಿತೆ. ಬರೆದರೆ ಅದು ಖಾಯಮ್ಮಾಗಿಬಿಡುತ್ತದೆ ಅನಿಸಿತು. ಅದರ ಬದಲು ಆ ಪತ್ರದವರು ಕೇಳಿದ್ದ ದೋಷವನ್ನೇ ಹುಡುಕತೊಡಗಿದೆ. ಇವರ ಪುಸ್ತಕಗಳನ್ನು ಓದಿ, ಇವರ ಕೋಡನ್ನು ಓದಿ ಹನ್ನೊಂದು ದಿನಕ್ಕೆ ತಿದ್ದಿದೆ. ಇವರ ಹೆಸರಿಗೆ ಬಂದ ಪತ್ರಕ್ಕೆ ಇವರ ಹೆಸರಲ್ಲೇ ಉತ್ತರ ಹೋಗಲಿ ಎಂದುಕೊಂಡೆ. ಹಾಗೇ ಮೂರು ವರ್ಷವಾಯಿತು. ತಮಾಷೆ ಮಾಡಲು ನನಗೆ ಬರುವುದಿಲ್ಲ. ಅಷ್ಟು ಜನರಲ್ಲಿ ಅದನ್ನು ಗಮನಿಸಿದವರು ನೀವೊಬ್ಬರೇ.

ನಿಮ್ಮ ರಿಂಗಿನಲ್ಲಿ ಹಲ್ಲು ಉಳಿದದ್ದು ನನ್ನಿಂದ. ಕೈ ಹಾಕಬ್ಯಾಡ್ರಿ ಎಂದು ಇವರು ಬರೆದಿದ್ದ ಜಾಗದಲ್ಲೇ ಕೈ ಹಾಕಿದೆ. ಇವರು ಹೆಜ್ಜೆಗಳನ್ನು ಎಣಿಸಿದ್ದರು. ಅದು ಒಡ್ಡೊಡ್ಡಾಗಿ ಕಂಡಿತು. ಕೋನದಿಂದ ಮಾಡಿದರೆ ಅಂದವೆಂದು ಬದಲಿಸಿದ್ದೆ. ಅದನ್ನು ಕಂಡುಹಿಡಿದವಳೂ ನಾನಲ್ಲ. ನಿಮ್ಮ ರಿಂಗು ಬಂದ ದಿನ ಇವರ ಎಡಗೈಗೆ ಕೊಟ್ಟೆ. ಹೆಬ್ಬೆರಳಿನಿಂದ ಸುತ್ತ ಸವರಿದರು, ಹಲ್ಲಿನ ಹತ್ತಿರ ನಿಂತರು. ನನ್ನ ಮುಖ ನೋಡಿದರು. ಆಮೇಲೆ ರಿಂಗಿನ ಅಂಚಿನ ಮೇಲೆ ಉಗುರಿನಿಂದ ಒಂದೊಂದೇ ತಟ್ಟುತ್ತ ಸುತ್ತಿಬಂದು, ಕೊನೆಯದನ್ನು ಮೊದಲನೆಯದರ ಮೇಲೆ ತಂದು ಒತ್ತಿದರು. ನನಗೆ ತಿಳಿಯಲಿಲ್ಲ. ಮತ್ತೆ ತಟ್ಟಿದರು. ಮೂರನೇ ಸಲಕ್ಕೆ ತಿಳಿಯಿತು, ಎಣಿಸು ಎನ್ನುತ್ತಿದ್ದಾರೆ. ಅಡುಗೆಮನೆಗೆ ಹೋಗಿ ಅತ್ತೆ. ಅಷ್ಟು ಉದ್ದದ ಮಾತನ್ನು ಇವರು ಆಡಿ ಮೂರು ವರ್ಷವಾಗಿತ್ತು.

ನೋಟೀಸಿನ ಸಂಗತಿ. ನಮ್ಮ ಹಳೆಯ ಕಂಪ್ಯೂಟರು ಏಪ್ರಿಲಿನಲ್ಲಿ ಸುಟ್ಟುಹೋಯಿತು. ನಡೆಸಿ ನೋಡದೆ ಬಿಡುಗಡೆ ಮಾಡುವುದು ಇವರ ಪದ್ಧತಿಯಲ್ಲ. ಇನ್ನೊಂದನ್ನು ಹುಡುಕಿ ತರುವ ಶಕ್ತಿ ನನ್ನಲ್ಲಿ ಇರಲಿಲ್ಲ. ಇದನ್ನೇ ಬರೆಯಬಹುದಿತ್ತು. ಬರೆಯಲಿಲ್ಲ.

ನಿಮ್ಮ ಬೈಗುಳದ ಪತ್ರವನ್ನೂ ಗಟ್ಟಿಯಾಗಿ ಓದಿದೆ. ಮುಗಿದ ಕೂಡಲೇ ಇವರು, “ಖರೇ!” ಎಂದರು. ಇದು ಯಾವ ಖರೇ ಎಂದು ತಿಳಿಯುವುದಕ್ಕೆ ಕಷ್ಟವೇನಿರಲಿಲ್ಲ. “ಮೂರು ವರ್ಷ ನಾ ಒಬ್ಬಾಕಿ ಒದ್ದಾಡೇನಿ, ನೀವು ಅವರ ಪಾರ್ಟಿ ಏನ್ರಿ?” ಎಂದು ಜಗಳ ಮಾಡಿದೆ. ಇವರು ನಕ್ಕರು. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಆಪರೇಷನ್ನು, ಏಳು ವಾರ ಆಸ್ಪತ್ರೆ. ನಿಮ್ಮ ಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಚ್ಚಲು ತೊಳೆದವಳು ನಾನು. ಒರೆಸಲು ಮರೆತಿದ್ದೆ. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ.

ನೀವು ನನಗಾಗಿ ದುವಾ ಕೇಳುತ್ತಿದ್ದಿರಿ. ತಡೆಯಬೇಕಿತ್ತು. ತಡೆಯಲು ಮನಸ್ಸು ಬರಲಿಲ್ಲ.

ಆರತಿ

---

ತಾರಿಹಾಳ
5 ಆಗಸ್ಟ್ 2024

ಆರತಿ ಅಕ್ಕಾರ,

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಪತ್ರ ಓದಿ ಮಧ್ಯಾಹ್ನದ ತನಕ ಸಿಟ್ಟಿತ್ತು. ಏಳು ವಾರ ಆಸ್ಪತ್ರೆಯಲ್ಲಿ ನೀವೊಬ್ಬರೇ ಇದ್ದಿರಿ, ಇಪ್ಪತ್ತು ನಿಮಿಷದಾಚೆ ನಾವಿದ್ದೆವು. ಬೇರೆ ಯಾವುದಕ್ಕೂ ಅಲ್ಲ, ಅದಕ್ಕೆ ಬಂದ ಸಿಟ್ಟು. ದುವಾ ವ್ಯರ್ಥವಾಗಿಲ್ಲ ಎಂದು ಅಬ್ಬಾ ಹೇಳಿದರು. “ಆಕಿ ನಿಂತಾಳಂತನ ಅವರು ನಿಂತಾರ. ನಾವು ಕೇಳಿದ್ದು ಬರೋಬ್ಬರಿ ಐತಿ.”

ನನ್ನದೂ ಎರಡು ಸಂಗತಿ ಹೇಳಬೇಕು. ನಾನು ಇಂಜಿನಿಯರ್ ಅಲ್ಲ. ನೀವು ಹಾಗೆ ಬರೆದಾಗ ತಿದ್ದಲಿಲ್ಲ, ಹಿತವೆನಿಸಿತು. ಹತ್ತನೇ ಇಯತ್ತೆಯಲ್ಲಿ ಗಣಿತದಲ್ಲೇ ಎರಡು ಸಲ ನಪಾಸು, ಆಮೇಲೆ ಐಟಿಐ. ನೀವು ಗಣಿತ ಕಲಿಸುವ ಅಕ್ಕಾರೆಂದು ಓದಿದ ಕೂಡಲೇ ಕುರ್ಚಿ ಬಿಟ್ಟು ಎದ್ದು ನಿಂತೆ. ಎರಡನೆಯದು, ಈ ಪತ್ರಗಳನ್ನೆಲ್ಲ ನಾನು ಬಾಯಿಂದ ಹೇಳುತ್ತೇನೆ, ಶಾಜಿಯಾ ಪುಸ್ತಕದ ಕನ್ನಡಕ್ಕೆ ತಿದ್ದಿ ಟೈಪು ಮಾಡುತ್ತಾಳೆ. ಬೈದ ಪತ್ರ ಒಂದೇ ನನ್ನ ಸ್ವಂತದ್ದು. ಶಾಜಿಯಾ ಜನವರಿಯಲ್ಲೇ ಹೇಳಿದ್ದಳು, “ಇದು ಗಂಡಸರು ಬರದ ಪತ್ರ ಅಲ್ಲ. ಗಂಡಸರು ‘ವಿಷಾದವಿದೆ’ ಅನ್ನೂದಿಲ್ಲ.” ಇಲ್ಲ, ಆ ಮಾತು ಬಂದದ್ದು ಫೆಬ್ರವರಿಯಲ್ಲಂತೆ. ಅವಳೇ ಈಗ ತಿದ್ದಿದಳು.

ನನ್ನ ಹತ್ತಿರ ಹಳೆಯ ಕಂಪ್ಯೂಟರು ನಾಲ್ಕು ಇವೆ. ಪ್ರತಿ ಆವೃತ್ತಿ ಬಿಡುವ ಮೊದಲು ನಾಲ್ಕರಲ್ಲೂ ನಡೆಸಿ, ರಿಂಗು ಕತ್ತರಿಸಿ, ಅಬ್ಬಾರ ಕೈಗೆ ಕೊಟ್ಟು ನಿಮಗೆ ತಿಳಿಸುತ್ತೇನೆ. ಅಷ್ಟಾದರೆ ಆ ನೋಟೀಸನ್ನು ಹಿಂತೆಗೆದುಕೊಳ್ಳುವಿರಾ?

ರಿಯಾಜ

---

ನವನಗರ
1 ಸೆಪ್ಟೆಂಬರ್ 2024

ರಿಯಾಜ,

ನೋಟೀಸು ಹಿಂತೆಗೆದೆ. ಆದರೆ ನಡೆಸಿ ಹೇಳುವುದಷ್ಟೇ ಸಾಲದು. ಹಳೆಯ ಕಂಪ್ಯೂಟರುಗಳ ಭಾಗ ಇನ್ನು ನಿಮ್ಮದು. ದೋಷ ಬಂದರೆ ಹುಡುಕುವುದೂ ತಿದ್ದುವುದೂ ನೀವೇ. ಲೈಬ್ರರಿ ನೋಡಿಕೊಳ್ಳುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಿದ್ದೇನೆ. ನನ್ನ ಹೆಸರನ್ನೂ ಅವತ್ತೇ ಸೇರಿಸಿದೆ. ಮೂರು ಹೆಸರಿನ ಪಟ್ಟಿಯನ್ನು ಇವರಿಗೆ ಓದಿ ಹೇಳಿದೆ. ನಿಮ್ಮ ಹೆಸರು ಬಂದಾಗ ಹೆಬ್ಬೆರಳು ಎತ್ತಿದರು.

ನಪಾಸಾದದ್ದು ನಿಮ್ಮ ತಪ್ಪಲ್ಲ. ನಿಮಗೆ ಕಲಿಸಿದವರು ಯಾರೆಂದು ಕೇಳಬೇಕಾಗಿತ್ತು.

ಆರತಿ

---

ತಾರಿಹಾಳ
3 ಅಕ್ಟೋಬರ್ 2024

ಅಕ್ಕಾರ,

ಅನಾಹುತವಾಯಿತು. ನಿನ್ನೆ ನನ್ನ ಮೊದಲ ತಿದ್ದುಪಡಿ ಹಾಕಿದೆನಲ್ಲ, ಹಳೆಯ ಕಂಪ್ಯೂಟರುಗಳಲ್ಲಿ ಚೆನ್ನಾಗಿದೆ. ಜಗತ್ತಿನ ಎಲ್ಲ ಫೋನುಗಳಲ್ಲಿ ಚಿತ್ರ ತಲೆಕೆಳಗಾಗಿದೆ! ಬೆಳಿಗ್ಗೆಯಿಂದ ಪತ್ರಗಳು ಬರುತ್ತಿವೆ, ಒಂದು ಯಾವ ಭಾಷೆಯದೆಂದೇ ನನಗೆ ಗೊತ್ತಿಲ್ಲ. ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ.

ರಿಯಾಜ

---

ನವನಗರ
3 ಅಕ್ಟೋಬರ್ 2024

ರಿಯಾಜ,

ತೆಗೆಯುವುದಿಲ್ಲ. ಎಪ್ಪತ್ತೆರಡನೇ ಸಾಲಿನಲ್ಲಿ ಒಂದು ಋಣ ಚಿಹ್ನೆ ಹೆಚ್ಚಾಗಿದೆ. ಫೋನುಗಳಲ್ಲಿ ಅಳತೆ ಮೇಲಿನಿಂದ ಕೆಳಗೆ, ನಿಮ್ಮ ಕಂಪ್ಯೂಟರಿನಲ್ಲಿ ಕೆಳಗಿನಿಂದ ಮೇಲೆ. ಅದನ್ನು ಅಲ್ಲಿಂದ ತೆಗೆದು ಹಳೆಯ ಕಂಪ್ಯೂಟರುಗಳ ಭಾಗದಲ್ಲಿ ಮಾತ್ರ ಇಟ್ಟು, ನಾಲ್ಕು ಕಂಪ್ಯೂಟರಿನಲ್ಲೂ ಫೋನಿನಲ್ಲೂ ನಡೆಸಿ ನೋಡಿ, ಮತ್ತೆ ಹಾಕಿ. ಎಲ್ಲರಿಗೂ ಕ್ಷಮಿಸಿ ಎಂದು ಒಂದೇ ಸಾಲು ಬರೆಯಿರಿ, ಎರಡು ಬೇಡ.

ತಲೆಕೆಳಗಾದ ಚಿತ್ರವನ್ನು ನಮ್ಮ ಫೋನಿನಲ್ಲಿ ಇವರಿಗೆ ತೋರಿಸಿದೆ. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿಸಬೇಕಾಯಿತು.

ಆರತಿ

---

ನವನಗರ
20 ನವೆಂಬರ್ 2024

ರಿಯಾಜ,

ಹೊಸ ಆವೃತ್ತಿ ಸಿದ್ಧವಾಗಿದೆ. ಭಾನುವಾರ ಬಿಡೋಣ. ಇದನ್ನು ಪತ್ರದಲ್ಲಿ ಮಾಡುವುದು ಬೇಡ, ನೀವೂ ಶಾಜಿಯಾ ಅವರೂ ಮನೆಗೆ ಬರ್ರಿ. ಇವರನ್ನು ಕೇಳಿದೆ. “ಖರೇ” ಎಂದರು. ಮೂರೂವರೆ ವರ್ಷದ ನಂತರ ಕಪಾಟಿನ ಕಡೆ ಕೈಮಾಡಿ ಇಸ್ತ್ರಿ ಅಂಗಿ ಕೇಳಿದರು.

ಜೋರಾಗಿ ಮಾತಾಡಬೇಡಿ, ಅಷ್ಟೆ. ಕಿವಿ ಚೆನ್ನಾಗಿದೆ.

ಆರತಿ

---

ತಾರಿಹಾಳ
24 ನವೆಂಬರ್ 2024, ಭಾನುವಾರ ಸಂಜೆ

ಅಕ್ಕಾರ,

ನಿಮಗೆ ಹೇಳದೇ ಹೊರಟು ಬಂದೆವು. ಮಾಫ್ ಮಾಡಿ. ಚಹಾ ಕೊಟ್ಟು ಕುರ್ಚಿಯಲ್ಲಿ ಕುಳಿತವರು ನೀವು ಎರಡು ನಿಮಿಷದಲ್ಲಿ ನಿದ್ದೆ ಹೋದಿರಿ. ಎಬ್ಬಿಸಲು ಹೋದೆ. ಸರ್ ನನ್ನ ಮೊಣಕೈ ಹಿಡಿದು ತಡೆದರು. ಬೆರಳನ್ನು ತುಟಿಗೆ ಇಟ್ಟರು.

ಆಮೇಲೆ ಸರ್ ಮತ್ತು ನಾನು ಕಂಪ್ಯೂಟರಿನ ಮುಂದೆ ಕುಳಿತೆವು. ಒಂದೊಂದೇ ಚಿತ್ರ ತೆಗೆದು ತೋರಿಸಿದೆ. ಅವರು ನೋಡಿ ತಲೆಯಾಡಿಸುವರು, ಮುಂದಿನದಕ್ಕೆ ಹೋಗುವುದು. ಒಂದು ಕಡೆ ಕಮಾನಿನ ಬುಡದಲ್ಲಿ ಬೆರಳಿಟ್ಟು ಬಿಡಲೇ ಇಲ್ಲ. ದೊಡ್ಡದು ಮಾಡಿ ನೋಡಿದೆ, ಒಂದು ಚುಕ್ಕೆಯಷ್ಟು ಗೆರೆ ಹೊರಗೆ ಬಂದಿತ್ತು. ನನಗಂತೂ ಜನ್ಮದಲ್ಲಿ ಕಾಣುತ್ತಿರಲಿಲ್ಲ. ತಿದ್ದಿದೆ. ಅವರು ಎಡಗೈಯಿಂದ ನನ್ನ ಬೆನ್ನು ತಟ್ಟಿದರು. ಇದನ್ನು ಬರೆಸುವಾಗ ನನ್ನ ದನಿ ಬದಲಾಯಿತು ಎಂದು ಶಾಜಿಯಾ ನಿಲ್ಲಿಸಿದ್ದಾಳೆ. ಈಗ ಮತ್ತೆ ಶುರು ಮಾಡಿದಳು.

ಒಂದು ಗಂಟೆಗೆ ಸರ್‌ಗೆ ಹಸಿವಾಯಿತು. ಅದು ಯಾವ ಖರೇ ಎಂದು ನನಗೂ ಗೊತ್ತಾಯಿತು. ಶಾಜಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಾ ಒಳಗ ಹೋಗ್ಲೇನ್ರಿ ಸರ್?” ಎಂದು ಕೇಳಿದಳು. ಅವರು ಕೋಲು ಊರಿ ತಾವೇ ಎದ್ದು ಹೋಗಿ ಅಕ್ಕಿಯ ಡಬ್ಬಿ ತೋರಿಸಿದರು. ಕುಕ್ಕರ್ ಸೀಟಿ ಹೊಡೆದರೆ ನಿಮಗೆ ಎಚ್ಚರವಾದೀತೆಂದು ಅನ್ನವನ್ನು ಪಾತ್ರೆಯಲ್ಲೇ ಮಾಡಿದಳು. ನಿಮ್ಮ ಪಾಲಿನದು ಮುಚ್ಚಿಟ್ಟಿದೆ. ನಿಮ್ಮ ಸಾರಿಗೆ ಉಪ್ಪು ಸ್ವಲ್ಪ ಹಾಕಿದ್ದಾಳೆ, ಸಿಟ್ಟಾಗಬೇಡಿ.

ಮೂರೂವರೆಗೆ ಹೊಸ ಆವೃತ್ತಿ ಬಿಟ್ಟೆವು. ಕೊನೆಯ ಗುಂಡಿಯನ್ನು ಸರ್ ಕೈಯಿಂದಲೇ ಒತ್ತಿಸಿದೆ. ನೀವು ನೋಡಬೇಕಿತ್ತು. ಎಬ್ಬಿಸಲೇ ಎಂದು ಇನ್ನೊಮ್ಮೆ ಕೇಳಿದೆ. ನಿಮ್ಮನ್ನು ನೋಡಿದರು, ಬೇಡವೆಂದು ತಲೆಯಾಡಿಸಿದರು.

ರಿಯಾಜ, ಶಾಜಿಯಾ

---

ನವನಗರ
25 ನವೆಂಬರ್ 2024

ರಿಯಾಜ, ಶಾಜಿಯಾ,

ಐದೂವರೆಗೆ ಎಚ್ಚರವಾಯಿತು. ಬೆಳಗಾಯಿತೇನೋ ಎಂದು ಗಾಬರಿಯಿಂದ ಇವರ ಮಾತ್ರೆ ಹುಡುಕಿದೆ. ಇವರು ಇಸ್ತ್ರಿ ಅಂಗಿಯಲ್ಲೇ ಕುಳಿತು ನನ್ನನ್ನು ನೋಡುತ್ತಿದ್ದರು. ಆರು ತಾಸು ಹೀಗೆ ಮಲಗಿದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲ. ಅನ್ನ ಉಂಡೆ. ಉಪ್ಪು ಬರೋಬ್ಬರಿ ಇತ್ತು.

ಬೆಳಿಗ್ಗೆ ಮೂರು ಪತ್ರ ಬಂದಿವೆ. ನಿನ್ನೆಯ ಆವೃತ್ತಿಯಲ್ಲಿ, ಒಂದು ಮಾದರಿಯ ಕಂಪ್ಯೂಟರಿನಲ್ಲಿ ಕೆಂಪು ಬಣ್ಣ ನೀಲಿಯಾಗಿ, ನೀಲಿ ಕೆಂಪಾಗಿ ಕಾಣುತ್ತಿದೆಯಂತೆ. ಎಲ್ಲಿ ತಪ್ಪಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ತಿದ್ದಲು ಎರಡು ನಿಮಿಷ ಸಾಕು. ಕೀಲಿಮಣೆಯ ಮೇಲೆ ಕೈ ಇಟ್ಟಿದ್ದೆ, ತೆಗೆದೆ. ಇವತ್ತು ಬಿಸಿಲು ಹಿತವಾಗಿದೆ. ಇವರನ್ನು ಓಣಿಯ ಕೊನೆಯ ತನಕ ನಡೆಸಿಕೊಂಡು ಹೋಗುತ್ತೇನೆ. ಇವರು ಆಗಲೇ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

ಪತ್ರಗಳನ್ನು ನಿಮಗೆ ಕಳಿಸಿದ್ದೇನೆ. ನೀವೇ ನೋಡ್ರಿ.

ಆರತಿ